ಪರೀಕ್ಷೆ ಮುಗಿಯುವವರೆಗೆ ನಾವು ಗುರುತಿಲ್ಲದವರು

ಇಂಗ್ಲೆಂಡಿಗೆ ಹೊರಟವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಸುಳ್ಯದ ಕಾಲೇಜೊಂದರಲ್ಲಿ ನಾನು ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿದೆ. ಪುತ್ತೂರಿನಲ್ಲಿ ಬೆಳಗಿನ ಬಸ್ಸು ಹತ್ತಿ, ಜಾಲ್ಸೂರು ದಾಟುವಷ್ಟರಲ್ಲಿ ಸೀರೆಯ ಇಸ್ತ್ರಿಯೆಲ್ಲ ಹಾಳಾಗಿ, ಅದೇ ಸೀರೆಯಲ್ಲಿ ತರಗತಿಯಲ್ಲಿ ನಿಂತು ಥೇಮ್ಸ್ ನದಿಯ ಸೇತುವೆಗಳನ್ನು ವರ್ಣಿಸಿದವಳು ನಾನು. ಲಂಡನ್ನಿನ ಮಂಜು ಹೇಗಿರುತ್ತದೆ, ರೈಲು ಹೇಗೆ ನೆಲದ ಅಡಿಯಲ್ಲಿ ಓಡುತ್ತದೆ, ಬೇಸಿಗೆಯಲ್ಲಿ ರಾತ್ರಿ ಊಟದ ಹೊತ್ತಿಗೂ ಹೇಗೆ ಬೆಳಕಿರುತ್ತದೆ ಎಂದೆಲ್ಲ ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗ, "ಮೇಡಂ, ನೀವು ಅಲ್ಲಿ ಎಷ್ಟು ವರ್ಷ ಇದ್ದದ್ದು?" ಎಂದು ಕೇಳಿದ. ನಾನು ಅಲ್ಲಿಯವರೆಗೆ ದಾಟಿದ ದೊಡ್ಡ ಸೇತುವೆಯೆಂದರೆ ಸುಳ್ಯದ ಪಯಸ್ವಿನಿ ಹೊಳೆಯದು.

ಕಾಲೇಜು ಬಿಟ್ಟ ಮೇಲೆ ಮನೆಯಲ್ಲೇ ಪಾಠ ಶುರುಮಾಡಿದೆ. ಪುತ್ತೂರಿನ ದರ್ಬೆಯಲ್ಲಿ ಕೆಳಗೆ ನನ್ನ ಗಂಡನ ಪಂಪ್‌ಸೆಟ್ ರಿಪೇರಿ ಅಂಗಡಿ, ಮಹಡಿಯ ಮೇಲೆ ನಮ್ಮ ಮನೆ. ಮುಂದಿನ ಕೋಣೆಯೇ ನನ್ನ ಶಾಲೆ. ಮೊದಮೊದಲು ಬಂದವರು ಮಾರ್ಕು ಕಡಿಮೆಯಾದ ಹೈಸ್ಕೂಲಿನ ಮಕ್ಕಳು. ಆಮೇಲೆ ಬೇರೆ ಬಗೆಯವರು ಬರತೊಡಗಿದರು. ಗಂಡ ಇಂಗ್ಲೆಂಡಿನಲ್ಲಿ ನೆಲೆಯಾಗಿದ್ದರೆ, ಹೆಂಡತಿ ಅಲ್ಲಿಗೆ ಹೋಗಿ ಸೇರಿಕೊಳ್ಳಬೇಕಾದರೆ ಇಂಗ್ಲಿಷಿನ ಒಂದು ಸಣ್ಣ ಪರೀಕ್ಷೆ ಪಾಸಾಗಬೇಕು. ಬರೆಯಲಿಕ್ಕೆ ಏನೂ ಇಲ್ಲ. ಒಬ್ಬರು ಎದುರು ಕುಳಿತು ಮನೆ, ಮಳೆ, ಪೇಟೆ, ಹವ್ಯಾಸ ಎಂದು ನಾಲ್ಕು ಪ್ರಶ್ನೆ ಕೇಳುತ್ತಾರೆ, ಇವರು ಉತ್ತರ ಹೇಳಬೇಕು. ಚಹಾ ಆರುವುದರೊಳಗೆ ಮುಗಿದುಹೋಗುವ ಪರೀಕ್ಷೆ. ಗಲ್ಫಿಗೆ ಹೋಗುವವರಿಗೆ ಇಂಥ ತಾಪತ್ರಯವಿಲ್ಲ, ಹಾಗಾಗಿ ಅವರು ನನ್ನ ಮೆಟ್ಟಿಲು ಹತ್ತುವುದೂ ಇಲ್ಲ. ನನ್ನ ಪಾಲಿಗೆ ಬರುವವರೆಲ್ಲ ಇಂಗ್ಲೆಂಡಿನವರೇ. ಬರುವಾಗ ಅವರಿಗೆ ಹೆಸರು ಹೇಳಲೂ ಬಾಯಿ ಬರುವುದಿಲ್ಲ. ಕೆಲವು ತಿಂಗಳು ಕಳೆದರೆ ನನ್ನ ಮೊಬೈಲಿಗೆ ಕೆಂಪು ಬಸ್ಸಿನ ಮುಂದೆ ನಿಂತ ಫೋಟೋ ಕಳಿಸುತ್ತಾರೆ. ನಾನು ಅದನ್ನು ದೊಡ್ಡದು ಮಾಡಿ ಅವರ ಹಿಂದಿನ ಬೀದಿಯನ್ನು ನೋಡುತ್ತೇನೆ.

ಹಾಗೆ ಬಂದವರಲ್ಲಿ ಒಬ್ಬ ಹುಡುಗಿ ಕಡಬದ ಕಡೆಯವಳು. ಬ್ಯಾರಿ ಮುಸ್ಲಿಮರ ಮನೆತನ, ಮಾವನಿಗೆ ಬಟ್ಟೆಯ ವ್ಯಾಪಾರ. ಗಂಡ ಓದಲೆಂದು ಹೋಗಿ ಬರ್ಮಿಂಗ್‌ಹ್ಯಾಮಿನಲ್ಲೇ ನೆಲೆಯಾದವನು, ಅಲ್ಲಿ ದಿನಸಿ ಅಂಗಡಿಯೊಂದನ್ನು ನೋಡಿಕೊಳ್ಳುತ್ತಾನೆ. ಮದುವೆಗೆಂದು ಊರಿಗೆ ಬಂದವನು ರಜೆ ಮುಗಿದ ಕೂಡಲೇ ಹೊರಟುಹೋಗಿದ್ದ. ಆ ಮೇಲೆ ಅವಳು ಅವನನ್ನು ಕಂಡದ್ದೆಲ್ಲ ಫೋನಿನಲ್ಲೇ. ಜೊತೆಗೆ ಪ್ರತಿ ಸಲವೂ ಅತ್ತೆ ಬರುತ್ತಿದ್ದರು. ಹುಡುಗಿ ಅವರನ್ನು ಉಮ್ಮ ಎನ್ನುತ್ತಿದ್ದಳು, ನಾನೂ ಉಮ್ಮ ಎಂದೇ ಕರೆದೆ. ಸುಬ್ರಹ್ಮಣ್ಯದಿಂದ ಬರುವ ಬಸ್ಸಿನಲ್ಲಿ ಭಕ್ತರ ನೂಕುನುಗ್ಗಲಿನ ನಡುವೆ ಇಳಿದು, ಮಹಡಿ ಹತ್ತಿ, ಉಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಏದುಸಿರು ಬಿಡುತ್ತಿದ್ದರು. ಹುಡುಗಿ ಅವರ ಬುರ್ಖಾದ ತುದಿಗೆ ತಾಗಿದ ಕೆಸರನ್ನು ತನ್ನ ಕರ್ಚೀಫಿನಲ್ಲಿ ಒರೆಸಿ, ಆಮೇಲೆ ಬಂದು ನನ್ನೆದುರು ಕೂರುತ್ತಿದ್ದಳು.

ಬೆಟ್ಟಂಪಾಡಿಯಲ್ಲಿ ನಾನು ಬೆಳೆದ ಮನೆಯ ಪಕ್ಕದಲ್ಲೇ ಬ್ಯಾರಿಗಳ ಮನೆಯಿತ್ತು. ಅವರ ಭಾಷೆಯನ್ನು ಕಲಿತೆ ಎನ್ನುವಂತಿಲ್ಲ, ಆಟದ ಜೊತೆಗೆ ಬಂದುಬಿಟ್ಟಿತು. ನಮ್ಮ ಕಡೆ ಯಾರೂ ಒಂದೇ ಭಾಷೆಯಲ್ಲಿ ದಿನ ಕಳೆಯುವುದಿಲ್ಲ. ಮೀನಿನವಳ ಹತ್ತಿರ ತುಳು, ಬ್ಯಾಂಕಿನಲ್ಲಿ ಕನ್ನಡ, ಸುಳ್ಯದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಅರೆಭಾಷೆಯವರಾದರೆ ಅರೆಭಾಷೆ. ಎದುರಿನವರ ಮಾತಿನಲ್ಲಿ ಅವರ ಮನೆಯ ಭಾಷೆಯ ವಾಸನೆ ಸಿಕ್ಕಿದ ಕೂಡಲೇ ಅದಕ್ಕೆ ಹೊರಳಿಕೊಳ್ಳುವುದು ನಮ್ಮಲ್ಲಿ ಮರ್ಯಾದೆ. ಬರುತ್ತಿದ್ದೂ ಹಾಗೆ ಮಾಡದವರಿಗೆ ಜಂಬ ಎಂದೇ ಹೆಸರು. ಮೊದಲ ದಿನ ಉಮ್ಮ ಕಷ್ಟಪಟ್ಟು ಕನ್ನಡದಲ್ಲಿ ಶುರುಮಾಡಿದಾಗ ನಾನು ಬ್ಯಾರಿ ಭಾಷೆಯಲ್ಲೇ ಉತ್ತರಿಸಿದೆ. ಅತ್ತೆ ಸೊಸೆ ಇಬ್ಬರ ಮುಖವೂ ಅರಳಿತು. "ಟೀಚರ್ ನಮ್ಮವರೇ ಅಲ್ವಾ," ಎಂದರು ಉಮ್ಮ.

ಹಾಗೆ ನಮ್ಮ ಇಂಗ್ಲಿಷ್ ಪಾಠ ಮುಕ್ಕಾಲು ಪಾಲು ಬ್ಯಾರಿ ಭಾಷೆಯಲ್ಲಿ ನಡೆಯಿತು. ಉಮ್ಮ ತಂದ ಬಾಳೆಕಾಯಿ ಚಿಪ್ಸು ಮೇಜಿನ ಮೇಲೆ, ನಾನು ಮಾಡಿದ ಚಹಾ ಪಕ್ಕದಲ್ಲಿ. ಹುಡುಗಿ ಚುರುಕಾಗಿದ್ದಳು, ಹೇಳಿಕೊಟ್ಟದ್ದನ್ನು ಮರೆಯುತ್ತಿರಲಿಲ್ಲ. ಹವ್ಯಾಸದ ಪಾಠ ಬಂದಾಗ ಮಾತ್ರ ಗಾಡಿ ನಿಂತಿತು.

"ಹವ್ಯಾಸ ಅಂದ್ರೆ ಎಂತ ಟೀಚರ್? ಕೆಲಸ ಇಲ್ಲದವರು ಮಾಡುದಾ?"

"ಓದುವುದು, ಹೊಲಿಯುವುದು, ತಿರುಗಾಡಲಿಕ್ಕೆ ಹೋಗುವುದು, ಏನಾದರೂ ಇರುತ್ತದಲ್ಲ."

"ತಿರುಗಾಡ್ಲಿಕ್ಕೆ ನಾವು ಮದುವೆಗೆ ಮಾತ್ರ ಹೋಗುದು."

ಮದುವೆಗೆ ಹೋಗುವುದೇ ನನ್ನ ಹವ್ಯಾಸ ಎಂದು ಅವಳಿಗೆ ಬಾಯಿಪಾಠ ಮಾಡಿಸಿದೆ. ನಗುತ್ತಲೇ ಮಾಡಿಸಿದೆ, ಆದರೆ ಒಳಗೆ ಉರಿಯುತ್ತಿತ್ತು. ಇಂಥವಳು ಅಲ್ಲಿಗೆ ಹೋಗುತ್ತಾಳೆ. ನಾನು ಇಲ್ಲಿ ಕುಳಿತು ಅವಳಿಗೆ ಹವ್ಯಾಸ ಹುಡುಕಿಕೊಡಬೇಕು.

ಪಾಠ ಮುಗಿಯುವ ಹೊತ್ತಿಗೆ ಸರಿಯಾಗಿ ಅವಳ ಗಂಡನ ಕರೆ ಬರುತ್ತಿತ್ತು. ಅವನಿಗೆ ಅಲ್ಲಿ ಬೆಳಿಗ್ಗೆ, ಅಂಗಡಿಗೆ ನಡೆದುಕೊಂಡು ಹೋಗುವ ಸಮಯ. ತಿಂದೆಯಾ, ಉಮ್ಮನಿಗೆ ಕಾಲು ನೋವು ಹೇಗುಂಟು, ಇವತ್ತು ಎಂತ ಕಲಿತೆ ಎಂದು ಒಂದೊಂದನ್ನೇ ಕೇಳುತ್ತಿದ್ದ. ನನ್ನ ಗಂಡ ಒಳ್ಳೆಯವರು, ಆದರೆ ಇಷ್ಟು ವರ್ಷಗಳಲ್ಲಿ ಇವತ್ತು ಎಂತ ಕಲಿಸಿದೆ ಎಂದು ಒಂದು ದಿನವೂ ಕೇಳಿದವರಲ್ಲ. ಒಮ್ಮೆ ಹುಡುಗಿ ಫೋನನ್ನು ನನ್ನ ಕಡೆ ತಿರುಗಿಸಿದಳು. ಹಿಂದಿನ ರಾತ್ರಿ ಅಲ್ಲಿ ಹಿಮ ಬಿದ್ದಿತ್ತು. ಇಟ್ಟಿಗೆಯ ಮನೆಗಳ ಸಾಲು, ಅವುಗಳ ಮಾಡಿನ ಮೇಲೆ, ಗೇಟಿನ ಮೇಲೆ, ನಿಂತ ಕಾರುಗಳ ಮೇಲೆ ಬಿಳಿ. ನಾನು ಜೀವಮಾನವಿಡೀ ಪುಸ್ತಕದಲ್ಲಿ ಕಂಡದ್ದು ಅದೇ. ಮೂಲೆಯಲ್ಲಿ ಹಿಮ ಹೊತ್ತುಕೊಂಡು ದುಂಡಗಿನದೊಂದು ಎದ್ದು ನಿಂತಿತ್ತು.

"ಆ ಮೂಲೆಯಲ್ಲಿ ಚಂದ ಕಾಣುವುದು ಎಂತ?" ಎಂದು ಕೇಳಿದೆ.

"ಅದು ಕಸದ ಡಬ್ಬಿ ಟೀಚರ್," ಎಂದ ಅವನು.

ಹುಡುಗಿ ಫೋನನ್ನು ತಿರುಗಿಸಿಕೊಂಡು, ಟೋಪಿ ಹಾಕಿಕೊಳ್ಳದೆ ಯಾಕೆ ಹೊರಟದ್ದು ಎಂದು ಅವನಿಗೆ ಬೈಯತೊಡಗಿದಳು. ಅವಳಿಗೆ ಆ ಹಿಮ ಕಾಣಲೇ ಇಲ್ಲ, ಅವಳು ನೋಡಿದ್ದು ಅವನ ಕೆಂಪಾದ ಕಿವಿಗಳನ್ನು. ನನಗೆ ಆಗ ಯಾವುದರ ಮೇಲೆ ಹೆಚ್ಚು ಹೊಟ್ಟೆಕಿಚ್ಚಾಯಿತೆಂದು ಇವತ್ತಿಗೂ ಬೇರ್ಪಡಿಸಿ ಹೇಳಲಾರೆ.

ಪರೀಕ್ಷೆ ಕೊಚ್ಚಿಯಲ್ಲಿತ್ತು. ಅತ್ತೆ ಸೊಸೆ ಇಬ್ಬರೂ ರೈಲಿನಲ್ಲಿ ಹೋಗಿ ಬಂದರು. ಪಾಸಾಗುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಫೇಲಾಯಿತು.

ಸುದ್ದಿ ಕೇಳಿದಾಗ ಒಳಗೆಲ್ಲೋ ಒಂದು ಸಣ್ಣ ತಣ್ಣಗಿನ ಗಾಳಿ ಆಡಿದಂತಾಯಿತು. ಅದು ನಿಂತದ್ದು ಹುಡುಗಿಯ ಮುಖ ನೋಡಿದ ಮೇಲೆ. ಏನಾಯಿತೆಂದು ಕೇಳಿದರೆ ಪ್ರಶ್ನೆಗಳೆಲ್ಲ ಸುಲಭವಾಗಿಯೇ ಇದ್ದವು ಎಂದಳು. ಎಲ್ಲದಕ್ಕೂ ಉತ್ತರ ಹೇಳಿದ್ದೇನೆ ಎಂದಳು. ಮತ್ತೆ ಯಾಕೆ ಫೇಲು ಎಂದು ನಾನು ಬಿಡಿಸಿ ಬಿಡಿಸಿ ಕೇಳಿದೆ. ಪರೀಕ್ಷೆ ಮಾಡುವ ಮೇಡಂ ಒಳ್ಳೆಯವರಂತೆ. ಶುರುವಾಗುವ ಮೊದಲು, ಬಾಗಿಲು ಹಾಕಲು ಬಂದ ಹೆಂಗಸಿನ ಹತ್ತಿರ ಅವರು ಮಲಯಾಳದಲ್ಲಿ ಎರಡು ಮಾತಾಡಿದರಂತೆ. ಬ್ಯಾರಿ ಮಾತಾಡುವವರಿಗೆ ಮಲಯಾಳ ಪಕ್ಕದ ಮನೆ. ಹುಡುಗಿ ಮೊದಲ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಹೇಳಿ, ಎರಡನೆಯದರಿಂದ ಮಲಯಾಳಕ್ಕೆ ಹೊರಳಿದ್ದಳು. ಇಂಗ್ಲಿಷ್, ಇಂಗ್ಲಿಷ್ ಎಂದು ಮೇಡಂ ನೆನಪಿಸಿದರೂ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಿ ಮತ್ತೆ ಅಲ್ಲಿಗೇ ಜಾರಿದ್ದಳು.

"ಅವರು ಇಂಗ್ಲಿಷಿನಲ್ಲಿ ಕೇಳಿದರೆ ನೀನು ಮಲಯಾಳದಲ್ಲಿ ಹೇಳಿದ್ದಾ?"

"ಅವರು ನಮ್ಮ ಕಡೆಯವರೇ ಅಲ್ವಾ ಟೀಚರ್. ನನಗೋಸ್ಕರ ಪಾಪ ಅಷ್ಟು ಕಷ್ಟಪಟ್ಟು ಇಂಗ್ಲಿಷ್ ಮಾತಾಡ್ತಾ ಇದ್ರು. ಅವರ ಭಾಷೆ ಗೊತ್ತಿದ್ದೂ ನಾನು ಇಂಗ್ಲಿಷ್ ಹೊಡೆದ್ರೆ ದೊಡ್ಡಸ್ತಿಕೆ ಮಾಡಿದ ಹಾಗೆ ಆಗುದಿಲ್ವಾ?"

ಉಮ್ಮ ಬೆಂಚಿನಿಂದಲೇ ಹೌದೆಂದು ತಲೆಯಾಡಿಸಿದರು. ಆ ಕುರ್ಚಿಯಲ್ಲಿ ನಮ್ಮೂರಿನ ಯಾರನ್ನು ಕೂರಿಸಿದ್ದರೂ ಅದನ್ನೇ ಮಾಡುತ್ತಿದ್ದರು. ನಾನು ಎಂ.ಎ. ಮಾಡಿದವಳು, ನಾನೂ ಮಾಡುತ್ತಿದ್ದೆನೋ ಏನೋ.

ಇನ್ನೊಮ್ಮೆ ಪರೀಕ್ಷೆಗೆ ಕುಳಿತುಕೊಳ್ಳಲು ಅವಕಾಶವಿತ್ತು. ಆದರೆ ಮನೆಯಲ್ಲಿ ಮಾತು ಶುರುವಾಗಿತ್ತು. ಕಾಲೇಜು ಓದಿದ ಹುಡುಗಿಯನ್ನು ನೋಡಬೇಕಿತ್ತು ಎಂದು ಗಂಡನ ಅಣ್ಣ ಎಲ್ಲರ ಎದುರೇ ಹೇಳಿದ್ದನಂತೆ. ಈ ಸಲವೂ ಫೇಲಾದರೆ ಆ ಮಾತು ಬೆಳೆಯುತ್ತದೆ, ಅವಳು ಗಂಡನಿಲ್ಲದ ಮನೆಯಲ್ಲಿ ಅದನ್ನು ಕೇಳಿಕೊಂಡು ಎಷ್ಟು ಕಾಲ ಇರಬೇಕೋ ಯಾರಿಗೂ ಗೊತ್ತಿಲ್ಲ. ಉಮ್ಮ ಇದನ್ನೆಲ್ಲ ನನಗೆ ಹೇಳುವಾಗ ಹುಡುಗಿ ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಂತಿದ್ದಳು.

ಎರಡು ದಿನ ಯೋಚಿಸಿದೆ. ಪಾಠದಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ನನ್ನಲ್ಲಿ, ನಾನು ಅವಳಿಗೆ ತೀರಾ ಹತ್ತಿರದವಳಾಗಿದ್ದೆ. ಹತ್ತಿರದವರ ಜೊತೆ ಇಂಗ್ಲಿಷ್ ಮಾತಾಡುವುದನ್ನು ಯಾರೂ ಅವಳಿಂದ ಮಾಡಿಸಲಾರರು. ಮುಂದಿನ ಸಲ ಬಂದಾಗ ಇಬ್ಬರನ್ನೂ ಕೂರಿಸಿಕೊಂಡು ಬ್ಯಾರಿ ಭಾಷೆಯಲ್ಲೇ ಹೇಳಿದೆ.

"ನಾಳೆಯಿಂದ ಪರೀಕ್ಷೆ ಮುಗಿಯುವವರೆಗೆ ನಾವು ಗುರುತಿಲ್ಲದವರು. ನನಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಚಹಾ ಇಲ್ಲ, ಚಿಪ್ಸ್ ಇಲ್ಲ, ಕಾಲುನೋವು ಕೇಳುವುದೂ ಇಲ್ಲ. ಉಮ್ಮ ಹೊರಗೆ ಕೂರಬೇಕು."

"ಆಯ್ತು ಟೀಚರ್," ಎಂದು ಇಬ್ಬರೂ ನಕ್ಕರು. ನಾಟಕವೆಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಬಂದವರಿಗೆ ಕುಡಿಯಲು ಒಂದು ಲೋಟ ನೀರನ್ನೂ ಕೊಡದಿರುವುದು ನಮ್ಮ ಕಡೆಯವರಿಗೆ ಸುಲಭವಲ್ಲ. ಮೊದಲ ದಿನ ಕೈ ತಾನಾಗಿಯೇ ಅಡುಗೆಮನೆಯ ಕಡೆ ಹೋಗುತ್ತಿತ್ತು. ಆದರೆ ಮುಖ ಗಂಟು ಹಾಕಿಕೊಳ್ಳುವುದು ನನಗೆ ಕಷ್ಟವಾಗಲೇ ಇಲ್ಲ. ಸ್ವಲ್ಪ ಕರಗುತ್ತಿದ್ದೇನೆ ಅನ್ನಿಸಿದ ಕೂಡಲೇ ಆ ಹಿಮ ಬಿದ್ದ ಬೀದಿಯನ್ನು ನೆನೆಸಿಕೊಳ್ಳುತ್ತಿದ್ದೆ. ಇವಳು ಅಲ್ಲಿ ನಡೆಯುತ್ತಾಳೆ, ನಾನು ಇಲ್ಲಿ ಪಂಪ್‌ಸೆಟ್ಟಿನ ಗ್ರೀಸಿನ ವಾಸನೆಯಲ್ಲಿ ಕೂರುತ್ತೇನೆ. ಅಷ್ಟು ಸಾಕಾಗುತ್ತಿತ್ತು. ನನ್ನ ಹೊಟ್ಟೆಕಿಚ್ಚು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ಗುಡ್ ಮಾರ್ನಿಂಗ್. ಪ್ಲೀಸ್ ಸಿಟ್ ಡೌನ್," ಎನ್ನುತ್ತಿದ್ದೆ. ಮೇಜಿನ ಆಚೆ ಅವಳು, ಈಚೆ ನಾನು. ಒಂದು ದಿನ ಗಂಡ ಊಟಕ್ಕೆಂದು ಮೇಲೆ ಬಂದವರು ಬಾಗಿಲಲ್ಲೇ ನಿಂತು ನೋಡಿ, "ಎಂತ ಮಾರಾಯ್ತಿ, ಮನೆಗೆ ಬ್ರಿಟಿಷರು ಬಂದಿದ್ದಾರಾ?" ಎಂದರು. ನಾನು ಅವರ ಕಡೆಗೂ ಅದೇ ಮುಖದಲ್ಲಿ ನೋಡಿದೆ. ಅವರು ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ತಾವೇ ಬಡಿಸಿಕೊಂಡರು. ಹೊರಗೆ ಬೆಂಚಿನಲ್ಲಿದ್ದ ಉಮ್ಮ ಮೊದಮೊದಲು ನನ್ನನ್ನು ಕಂಡು ನಗುತ್ತಿದ್ದರು, ಆಮೇಲೆ ಬುರ್ಖಾ ಸರಿಮಾಡಿಕೊಂಡು ಎದ್ದು ನಿಲ್ಲತೊಡಗಿದರು. ಅವರಿಗಿಂತ ಚಿಕ್ಕವಳು ನಾನು.

ಹುಡುಗಿ ತಪ್ಪಿಸಿಕೊಳ್ಳಲು ನೋಡಿದಳು. ಇಂಗ್ಲಿಷಿನ ಮಧ್ಯೆ ಮೆಲ್ಲಗೆ ಬ್ಯಾರಿಯ ಒಂದು ಮಾತು ತೂರಿಸುತ್ತಿದ್ದಳು, ನಗಿಸಲು ನೋಡುತ್ತಿದ್ದಳು. ನಾನು ಕೇಳಿಸಲೇ ಇಲ್ಲವೆಂಬಂತೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳುತ್ತಿದ್ದೆ. ಬರಬರುತ್ತಾ ಅದು ನಿಂತಿತು.

ಪರೀಕ್ಷೆ ಹತ್ತಿರ ಬಂದಿದ್ದಾಗ ಒಂದು ದಿನ ಅವಳು ಕಣ್ಣು ಊದಿಸಿಕೊಂಡು ಬಂದಳು. ಕುರ್ಚಿಯಲ್ಲಿ ಕುಳಿತದ್ದೇ ಬ್ಯಾರಿ ಭಾಷೆಯಲ್ಲಿ ತೋಡಿಕೊಂಡಳು. "ಅವರು ನಿನ್ನೆಯಿಂದ ಫೋನ್ ತೆಗಿಯುದಿಲ್ಲ ಟೀಚರ್. ಅವರ ಅಣ್ಣ ಎಂತದೋ ಹೇಳಿ ತಲೆ ತುಂಬಿಸಿದ್ದಾರೆ."

ಮೇಜಿನ ಮೇಲೆ ಅವಳ ಕೈ ನನ್ನ ಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು.

"ಇನ್ ಇಂಗ್ಲಿಷ್, ಪ್ಲೀಸ್," ಎಂದೆ.

ಅವಳು ನನ್ನನ್ನೇ ನೋಡಿದಳು. ಕೈಯನ್ನು ಮಡಿಲಿಗೆ ತೆಗೆದುಕೊಂಡಳು. "ಮೈ ಹಸ್ಬೆಂಡ್ ಈಸ್ ಆ್ಯಂಗ್ರಿ. ಐ ಆಮ್ ಸ್ಯಾಡ್," ಎಂದಳು.

ಇವತ್ತು ಹವೆ ಹೇಗಿದೆ ಎಂದು ಮುಂದಿನ ಪ್ರಶ್ನೆ ಕೇಳಿದೆ. ಮಳೆ ಬರುತ್ತಿದೆ ಎಂದಳು, ಸರಿಯಾದ ಇಂಗ್ಲಿಷಿನಲ್ಲಿ, ತಡವರಿಸದೆ. ನಾವು ಹಾಗೆಯೇ ಮುಂದುವರಿದೆವು, ಪೇಟೆ, ಬಸ್ಸು, ಹಣ್ಣಿನ ಅಂಗಡಿ. ಅವಳ ಗಂಡ ಮರುದಿನ ಫೋನ್ ಎತ್ತಿದನೆಂದು ನನಗೆ ತಿಳಿದದ್ದು ಅವಳು ಹೇಳಿ ಅಲ್ಲ. ಪಾಠ ಮುಗಿಯುವ ಹೊತ್ತಿಗೆ ಕರೆ ಬಂತು, ಅವಳು ಎದ್ದು ಹೊರಗೆ ಉಮ್ಮನ ಪಕ್ಕಕ್ಕೆ ಹೋಗಿ ಮಾತಾಡಿದಳು. ಮೊದಲಾಗಿದ್ದರೆ ನನ್ನೆದುರೇ ಮಾತಾಡುತ್ತಿದ್ದಳು.

ಎರಡನೆಯ ಸಲ ಅವಳು ಪಾಸಾದಳು. ಫಲಿತಾಂಶ ಮೊಬೈಲಿಗೆ ಬಂದ ಮರುದಿನವೇ ಅತ್ತೆ ಸೊಸೆ ಇಬ್ಬರೂ ಹಲ್ವದ ಡಬ್ಬಿ ಹಿಡಿದುಕೊಂಡು ಬಂದರು. ನಾನು ಬೆಳಿಗ್ಗೆಯೇ ಹಾಲು ಹೆಚ್ಚು ತರಿಸಿದ್ದೆ. ಇಷ್ಟು ದಿನ ಕಟ್ಟಿಟ್ಟ ಮಾತೆಲ್ಲ ಬಾಯಲ್ಲಿ ತುಂಬಿಕೊಂಡಿತ್ತು. ಬಾಗಿಲು ತೆಗೆದವಳೇ ಬ್ಯಾರಿ ಭಾಷೆಯಲ್ಲಿ, ಬನ್ನಿ ಬನ್ನಿ, ಕಾಲುನೋವು ಹೇಗುಂಟು ಉಮ್ಮ, ರೈಲಿನಲ್ಲಿ ಕೂರಲಿಕ್ಕೆ ಜಾಗ ಸಿಕ್ಕಿತಾ ಎಂದು ಒಂದರ ಮೇಲೊಂದು ಕೇಳಿದೆ. ಹುಡುಗಿಯ ಭುಜ ಹಿಡಿದು, ಎಲ್ಲವನ್ನೂ ಮೊದಲಿನಿಂದ ಹೇಳು ಎಂದೆ.

"ಥ್ಯಾಂಕ್ ಯು ಟೀಚರ್. ಐ ಆಮ್ ವೆರಿ ಹ್ಯಾಪಿ," ಎಂದಳು ಅವಳು.

"ಇನ್ನು ಇಂಗ್ಲಿಷ್ ಬೇಡ ಮಗಳೇ. ಮುಗಿಯಿತಲ್ಲ."

ಅವಳು ಬಾಯಿ ತೆರೆದಳು. ಏನೋ ಹೇಳಲು ಹೊರಟು ಹೇಳಲಾಗದೆ, ನಾಚಿ ನಕ್ಕು ಉಮ್ಮನ ಕಡೆ ನೋಡಿದಳು. ಆಟ ಆಡುತ್ತಿದ್ದಾಳೆ ಅಂದುಕೊಂಡೆ. ಚಹಾ ತಂದುಕೊಟ್ಟೆ. ಥ್ಯಾಂಕ್ ಯು ಎಂದಳು. ಸಕ್ಕರೆ ಸಾಕಾ ಎಂದು ಬ್ಯಾರಿಯಲ್ಲಿ ಕೇಳಿದೆ. ಎಸ್ ಟೀಚರ್ ಎಂದಳು. ಎಲ್ಲವೂ ಪ್ರೀತಿಯಿಂದ, ಬೆನ್ನು ನೆಟ್ಟಗೆ ಮಾಡಿ, ಮೇಜಿನ ಆಚೆ ಕುಳಿತಿದ್ದಾಗಿನ ಹಾಗೆಯೇ.

"ಅವಳಿಗೆ ನಿಮ್ಮ ಹತ್ತಿರ ಬೇರೆ ಭಾಷೆ ಬಾಯಿಗೆ ಬರುದಿಲ್ಲ ಟೀಚರ್," ಎಂದರು ಉಮ್ಮ. "ದಾರಿಯಲ್ಲೇ ಹೇಳ್ತಾ ಇದ್ದಳು. ನೀವು ಬೇಜಾರು ಮಾಡ್ಬೇಡಿ. ಅದರಿಂದಲೇ ಅಲ್ವಾ ಪಾಸಾದದ್ದು?"

"ಅದರಿಂದ ಹೇಗೆ?"

"ಈ ಸಲವೂ ಆ ಮೇಡಂ ಒಳಗೆ ಯಾರ ಹತ್ತಿರವೋ ಮಲಯಾಳ ಮಾತಾಡಿದ್ರಂತೆ. ಇವಳಿಗೆ ಮತ್ತೆ ಹಾಗೇ ಬಾಯಿಗೆ ಬಂತಂತೆ. ಕೂಡಲೇ ನಿಮ್ಮ ಮುಖ ನೆನಪು ಮಾಡಿಕೊಂಡಳಂತೆ."

"ನನ್ನ ಮುಖವಾ?"

"ಹೌದು. ಇವರು ಟೀಚರ್, ಇವರು ನಮ್ಮವರಲ್ಲ, ಇವರು ನಮ್ಮವರಲ್ಲ ಅಂತ ಮನಸ್ಸಲ್ಲೇ ಹೇಳ್ತಾ ಇದ್ದಳಂತೆ. ಮತ್ತೆ ಇಂಗ್ಲಿಷ್ ತನ್ನಷ್ಟಕ್ಕೆ ಬಂತಂತೆ."

ಉಮ್ಮ ಇದನ್ನು ನನ್ನ ಸಾಮರ್ಥ್ಯವೆಂಬಂತೆ ಹೇಳಿದರು. ಹುಡುಗಿಯೂ ಹೆಮ್ಮೆಯಿಂದ ತಲೆಯಾಡಿಸಿದಳು. ನಾನು ಹಲ್ವದ ಡಬ್ಬಿ ತೆರೆದು ಇಬ್ಬರಿಗೂ ಕೊಟ್ಟು, ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ತುಪ್ಪ ಜಾಸ್ತಿ ಹಾಕಿದ ಒಳ್ಳೆಯ ಹಲ್ವ.

ಹೊರಡುವಾಗ ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಬೈ ಟೀಚರ್, ಟೇಕ್ ಕೇರ್ ಎಂದಳು. ಹೋಗಿ ಬಾ ಎಂದು ಅವಳ ಭಾಷೆಯಲ್ಲಿ ಹೇಳಬೇಕೆಂದಿದ್ದೆ. ಹೇಳಿದರೆ ಅವಳಿಗೆ ಮತ್ತೆ ಮುಜುಗರವಾಗುತ್ತದೆ ಅನ್ನಿಸಿತು. ಎದುರಿನವರು ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಅದರಲ್ಲೇ ಮಾತಾಡಬೇಕು. ನಾನೂ ಬೈ ಎಂದೆ.

ಅವರು ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿಯತೊಡಗಿದರು. ಎರಡು ಮೆಟ್ಟಿಲು ಇಳಿದದ್ದೇ ತಡ, ಹುಡುಗಿ ಅತ್ತೆಯ ತೋಳು ಹಿಡಿದುಕೊಂಡು ಬ್ಯಾರಿ ಭಾಷೆಯಲ್ಲಿ ಒಂದೇ ಉಸಿರಿಗೆ ಮಾತು ಶುರುಮಾಡಿದಳು. ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟು ಕೇಳಿದೆ. ವಿಶೇಷದ ಮಾತೇನೂ ಆಗಿರಲಿಲ್ಲ. ಇಷ್ಟು ಹೊತ್ತಿಗೆ ಬಸ್ಸು ರಶ್ ಇರುತ್ತದೆ, ಒಂದೇ ಸೀಟು ಸಿಕ್ಕಿದರೆ ನೀವು ಕೂತ್ಕೊಳ್ಳಿ ಉಮ್ಮ, ನಾನು ನಿಮ್ಮ ಹತ್ತಿರವೇ ನಿಲ್ತೇನೆ ಎನ್ನುತ್ತಿದ್ದಳು. ಕಡಬದ ಬಸ್ಸು ಹತ್ತಲು ಹೊರಟಿದ್ದ ಆ ಅತ್ತೆಯ ಮೇಲೆ ನನಗೆ ಹೊಟ್ಟೆ ಉರಿಯಿತು.